ಮೂಗುದಾರ ಮತ್ತು ಅಣುವ್ರತ

ಮನೆಯ ಹುಡುಗ ಹತೋಟಿ ಮೀರುತ್ತಿರುವನೆಂದು ಕಂಡಾಗ, "ಇವನಿಗೊಂದು ಮೂಗುದಾರ ಹಾಕಬೇಕು" ಎಂದು ಹಿರಿಯರು ನುಡಿಯುವುದುಂಟು. ಕೇಳಿದವರು ನಗುತ್ತಾರೆ. ಅಹಿಂಸೆಯೇ ಪರಮಧರ್ಮವೆಂದು ನಂಬಿದ ಶ್ರಾವಕರ ಮನೆಗಳಲ್ಲಿಯೂ ಈ ಮಾತು ನಿರಾಯಾಸವಾಗಿ ಬಳಕೆಯಲ್ಲಿದೆ. ಆ ದಾರ ಮೊದಲ ಬಾರಿಗೆ ಮೂಗಿನೊಳಗೆ ಹೇಗೆ ಹೋಯಿತೆಂಬುದನ್ನು ಮಾತ್ರ ಯಾರೂ ನೆನೆಯುವುದಿಲ್ಲ.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಯ ಹಳ್ಳಿಗಳಲ್ಲಿ ಹೋರಿಕರು ಒಂದು, ಒಂದೂವರೆ ವರ್ಷದ್ದಾದಾಗ ಈ ಕಾರ್ಯ ನಡೆಯುತ್ತದೆ. ಕರುವನ್ನು ಕಂಬಕ್ಕೆ ಬಿಗಿಯಾಗಿ ಕಟ್ಟುತ್ತಾರೆ, ಇಲ್ಲವೇ ಕಾಲಿಗೆ ಹಗ್ಗ ಸುತ್ತಿ ನೆಲಕ್ಕೆ ಕೆಡವುತ್ತಾರೆ. ಒಬ್ಬನು ಕೊಂಬಿನ ಬುಡವನ್ನು ಹಿಡಿದರೆ ಇನ್ನೊಬ್ಬನು ಹೊಳ್ಳೆಗಳೊಳಗೆ ಬೆರಳಿಟ್ಟು, ನಡುಗೋಡೆಯ ಮೃದುವಾದ ಭಾಗವನ್ನು ಹುಡುಕಿ ದಬ್ಬಣವನ್ನು ಚುಚ್ಚುತ್ತಾನೆ. ಅದರ ಹಿಂದೆಯೇ ದಾರವನ್ನು ಪೋಣಿಸಿ, ಕೊಂಬಿನ ಹಿಂದಕ್ಕೆ ಎಳೆದು ಕಟ್ಟುತ್ತಾನೆ. ಅರಿವಳಿಕೆಯಿಲ್ಲ, ವೈದ್ಯನಿಲ್ಲ. ಗಾಯಕ್ಕೆ ಎಣ್ಣೆ ಅರಿಶಿನ ಹಚ್ಚಿದರೆ ಅದೇ ಉಪಚಾರ. ಚುಚ್ಚುವವನ ಕೈ ತಪ್ಪಿ ಮೆಲುಮೂಳೆಗೆ ತಗುಲಿದರೆ ಗಾಯ ಬಹುಕಾಲ ಮಾಗದು. ನೊಣ ಕುಳಿತರೆ ಹುಳು ಬೀಳುವುದು. ಹತ್ತಿಯ ಹುರಿಯ ಬದಲು ನೈಲಾನ್ ಹಗ್ಗ ಹಾಕಿದರೆ ಅದು ದಿನದಿನಕ್ಕೆ ಮಾಂಸವನ್ನು ಕೊರೆಯುವುದು.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟವಾಗಿ ತಿಳಿಯಬೇಕು. ಎತ್ತಿನ ಮೂತಿಯು ಅದರ ದೇಹದಲ್ಲಿಯೇ ಅತ್ಯಂತ ಸೂಕ್ಷ್ಮವಾದ ಸ್ಥಳಗಳಲ್ಲೊಂದು. ಮೂಗುದಾರ ಕೆಲಸ ಮಾಡುವುದೇ ಆ ಸೂಕ್ಷ್ಮತೆಯಿಂದ. ಹಗ್ಗ ಎಳೆದಾಗ ನೋವಾಗದಿದ್ದರೆ ಎತ್ತು ನಿಲ್ಲುವುದಿಲ್ಲ. ಆದುದರಿಂದ ಮೊದಲ ದಿನದ ಚುಚ್ಚುವಿಕೆಯನ್ನು ಒಮ್ಮೆ ಆಗಿ ಮುಗಿಯುವ ನೋವೆನ್ನಲಾಗದು. ಆ ಪ್ರಾಣಿಯು ಬದುಕಿರುವವರೆಗೂ ಬೇಕೆಂದಾಗ ನೋಯಿಸುವ ಸಾಧನವನ್ನು ಅಂದೇ ಅದರ ದೇಹದೊಳಗೆ ಸ್ಥಾಪಿಸಲಾಗುತ್ತದೆ.

ಆಚಾರ್ಯರು ಇದನ್ನು ಕಾಣದೆ ಹೋಗಲಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟುವುದು, ಹೊಡೆಯುವುದು, ಅವಯವವನ್ನು ಛೇದಿಸುವುದು, ಮಿತಿಮೀರಿ ಹೊರೆ ಹೇರುವುದು, ಮೇವು ನೀರನ್ನು ತಡೆಯುವುದು. ಈ ಐದನ್ನೂ ಒಟ್ಟಿಗೆ ಓದಿದರೆ ಬಂಡಿಯ ಎತ್ತಿನ ದಿನಚರಿಯನ್ನೇ ಓದಿದಂತಾಗುತ್ತದೆ. ಕನ್ನಡನಾಡಿನವರೇ ಎಂದು ಪ್ರಸಿದ್ಧರಾದ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಛೇದವನ್ನು ವಿವರಿಸುವಾಗ ಕಿವಿ ಮೂಗುಗಳನ್ನೇ ಉದಾಹರಿಸುತ್ತಾರೆ. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು ಇನ್ನೂ ನೇರವಾಗಿ ಹೇಳಿದ್ದಾರೆ. ಶ್ರಾವಕನು ಬಿಡಬೇಕಾದ ಹದಿನೈದು ಜೀವನೋಪಾಯಗಳಲ್ಲಿ 'ನಿರ್ಲಾಂಛನ'ವೂ ಒಂದು. ಯೋಗಶಾಸ್ತ್ರದಲ್ಲಿ ಅದರ ಅರ್ಥವನ್ನು ಬಿಡಿಸುವಾಗ ಅವರು ಮೊಟ್ಟಮೊದಲು ಹೆಸರಿಸುವುದು ಪಶುವಿನ ಮೂಗು ಚುಚ್ಚುವುದನ್ನು. ಬರೆ ಹಾಕುವುದು, ಬೀಜ ಒಡೆಯುವುದು, ಕಿವಿ ಮತ್ತು ಗಂಗೆದೊಗಲನ್ನು ಕೊಯ್ಯುವುದು ಇವೆಲ್ಲ ಅನಂತರ ಬರುತ್ತವೆ. ದಿಗಂಬರ, ಶ್ವೇತಾಂಬರ ಎಂಬ ಭೇದ ಈ ವಿಷಯದಲ್ಲಿ ಇಲ್ಲ.

ಇಷ್ಟು ಸ್ಪಷ್ಟವಾದ ವಿಧಿಯು ಈ ಸೀಮೆಯಲ್ಲಿ ಮರೆತುಹೋಗಿರುವುದೇ ವಿಷಾದದ ಸಂಗತಿ. ಚಿಕ್ಕಹನಸೋಗೆಯ ತ್ರಿಕೂಟ ಬಸದಿಯೂ, ಹನಸೋಗೆಯ ಹೆಸರಿನಿಂದಲೇ ಪ್ರಸಿದ್ಧವಾದ ಮುನಿಪರಂಪರೆಯೂ ಕೃಷ್ಣರಾಜನಗರದ ನೆಲಕ್ಕೆ ಸೇರಿದವು. ಹುಣಸೂರು ತಾಲ್ಲೂಕಿನ ಗೊಮ್ಮಟಗಿರಿಯಲ್ಲಿ ಬಾಹುಬಲಿಗೆ ಅಭಿಷೇಕ ನಡೆಯುತ್ತದೆ. ಅದೇ ಹುಣಸೂರು ಹತ್ತೊಂಬತ್ತನೆಯ ಶತಮಾನದಲ್ಲಿ ಅಮೃತಮಹಲ್ ದನಗಳ ಮುಖ್ಯ ಕೇಂದ್ರವಾಗಿತ್ತು. ಆಂಗ್ಲರ ಸೈನ್ಯದ ತೋಪುಗಳನ್ನೆಳೆಯಲು ಎತ್ತುಗಳು, ಸೈನಿಕರಿಗಾಗಿ ತೊಗಲು ಹದಮಾಡುವ ಕಾರ್ಖಾನೆ, ಎರಡೂ ಒಂದೇ ಊರಿನಲ್ಲಿದ್ದವು. ಇಂದು ತೋಪಿಲ್ಲ. ಟ್ರ್ಯಾಕ್ಟರು ಬಂದು ಎತ್ತುಗಳ ಸಂಖ್ಯೆಯೂ ಇಳಿದಿದೆ. ಆದರೂ ಸಂಕ್ರಾಂತಿಯ ಸಮಯದ ಚುಂಚನಕಟ್ಟೆಯ ದನಗಳ ಜಾತ್ರೆಗೆ ಹಳ್ಳಿಕಾರ್ ಜೋಡಿಗಳು ಬರುತ್ತವೆ. ಅಲ್ಲಿ ಹಲ್ಲು ನೋಡಿ ವಯಸ್ಸನ್ನು ಎಣಿಸುತ್ತಾರೆ, ಸುಳಿ ನೋಡುತ್ತಾರೆ, ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಕಟ್ಟುತ್ತಾರೆ. ಮೂಗಿನ ಗಾಯವನ್ನು ಕೇಳುವವರು ವಿರಳ.

ಇದಕ್ಕೆ ಬರುವ ಆಕ್ಷೇಪಣೆಗಳು ಹೊಸವಲ್ಲ. ಗೃಹಸ್ಥನಿಗೆ ಉದ್ಯಮದ ಹಿಂಸೆ ಕ್ಷಮ್ಯವಲ್ಲವೇ ಎಂಬುದು ಮೊದಲನೆಯದು. ಗೃಹಸ್ಥನು ಸಂಕಲ್ಪಹಿಂಸೆಯನ್ನು ಸಂಪೂರ್ಣವಾಗಿ ಬಿಡಬೇಕು. ಆರಂಭ, ಉದ್ಯಮಗಳಲ್ಲಿ ತಪ್ಪಿಸಲಾಗದ ಹಿಂಸೆಗೆ ಮಾತ್ರ ಅವಕಾಶವುಂಟು. ಉಳುವಾಗ ನೇಗಿಲಿನ ಬಾಯಿಗೆ ಸಿಕ್ಕ ಹುಳು ಉದ್ಯಮದ ಹಿಂಸೆ. ದಬ್ಬಣವನ್ನು ಕೈಯಲ್ಲಿ ಹಿಡಿದು, ಸ್ಥಳವನ್ನು ಹುಡುಕಿ, ನೋವಾಗಲೆಂದೇ ಚುಚ್ಚುವುದು ಆ ಜಾತಿಗೆ ಸೇರದು. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಮಾತ್ರದಿಂದ ಯಶೋಧರನು ಭವಭವಗಳಲ್ಲಿ ತೊಳಲಿದ ಕಥೆಯನ್ನು ಜನ್ನನ ಕಾವ್ಯದ ಮೂಲಕ ಕೇಳಿ ಬೆಳೆದ ಸಮಾಜಕ್ಕೆ ಈ ಭೇದವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೆಂಗಸರೂ ಮೂಗು ಚುಚ್ಚಿಸಿಕೊಳ್ಳುವುದಿಲ್ಲವೇ, ಹಿಂದಿನವರು ಇದೇ ನಡುಗೋಡೆಗೆ ಬುಲಾಕು ತೊಡುತ್ತಿರಲಿಲ್ಲವೇ ಎಂಬುದು ಎರಡನೆಯದು. ಬುಲಾಕು ಆಭರಣ. ಬೇಡವೆಂದಾಗ ತೊಟ್ಟವಳೇ ಅದನ್ನು ತೆಗೆದಿಡಬಲ್ಲಳು, ಅದಕ್ಕೆ ಹಗ್ಗ ಕಟ್ಟಿ ಯಾರೂ ಎಳೆಯುವುದಿಲ್ಲ. ಎತ್ತಿಗೆ ತೆಗೆದಿಡುವ ಸ್ವಾತಂತ್ರ್ಯವಿಲ್ಲ, ಬೇಡವೆನ್ನುವ ಮಾತೂ ಇಲ್ಲ.

ಮೂರನೆಯ ಆಕ್ಷೇಪಣೆಗೆ ಮಾತ್ರ ತೂಕವಿದೆ. ಮದಿಸಿದ ಹೋರಿಯನ್ನು ಮೂಗುದಾರವಿಲ್ಲದೆ ಹಿಡಿಯಹೋದ ರೈತನ ಪ್ರಾಣಕ್ಕೇ ಅಪಾಯ. ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ ಬೆದರಿ ಓಡುವ ಎತ್ತನ್ನು ನಿಲ್ಲಿಸಲು ಬೇರೇನಿದೆ ಎಂದು ರೈತನು ಕೇಳಿದರೆ ಆ ಪ್ರಶ್ನೆಯನ್ನು ಅಲ್ಲಗಳೆಯುವಂತಿಲ್ಲ. ಉತ್ತರವಿರುವುದು ಕರುವಿನ ಪ್ರಾಯದಲ್ಲಿ. ಮೂಗಿನ ಮೇಲ್ಭಾಗವನ್ನು ಬಳಸಿ ಕಿವಿಗಳ ಹಿಂದೆ ಕಟ್ಟುವ ಮುಖಪಟ್ಟಿಗೆ ಕೆಲವೇ ತಿಂಗಳ ಕರುವನ್ನು ಒಗ್ಗಿಸಿ, ಪ್ರತಿದಿನ ನಡೆಸಿ, ಮೈದಡವಿ ಪಳಗಿಸಿದರೆ ಅದು ದೊಡ್ಡದಾದ ಮೇಲೂ ಮಾತು ಕೇಳುತ್ತದೆ. ಇದಕ್ಕೆ ಹಣಕ್ಕಿಂತ ಹೆಚ್ಚಾಗಿ ಬೇಕಾದುದು ಸಮಯ ಮತ್ತು ಸಹನೆ. ಎರಡು ವರ್ಷ ಕಟ್ಟುಬಿಟ್ಟು ಬೆಳೆಸಿ, ಒಂದೇ ಗಳಿಗೆಯಲ್ಲಿ ವಶಕ್ಕೆ ತರಬೇಕೆನ್ನುವವನಿಗೆ ಮಾತ್ರ ದಬ್ಬಣ ಅನಿವಾರ್ಯವೆನಿಸುತ್ತದೆ.

ಸರ್ಕಾರದ ಕಾನೂನು ಈ ವಿಷಯದಲ್ಲಿ ಬಹಳ ತಡವಾಗಿ ಕಣ್ಣು ತೆರೆಯಿತು. 1960ರ ಪ್ರಾಣಿಹಿಂಸೆ ತಡೆ ಅಧಿನಿಯಮದ ಕಲಂ 11, ನಿಯಮಿಸಿದ ರೀತಿಯಲ್ಲಿ ಮೂಗುದಾರ ಹಾಕುವುದನ್ನು ಅಪರಾಧದಿಂದ ಹೊರಗಿಟ್ಟಿತು. ಆ ರೀತಿ ಯಾವುದೆಂದು ಹೇಳುವ ಪಶುಸಂಗೋಪನಾ ನಿಯಮಗಳು ಬಂದುದು 2023ರಲ್ಲಿ. ಆರು ದಶಕಗಳ ಕಾಲ ಕಾನೂನು ಸುಮ್ಮನಿದ್ದುದು ನಿಜ. ಆದರೆ ಎಂಟು ಶತಮಾನಗಳ ಹಿಂದೆಯೇ ಆಚಾರ್ಯರಿಂದ ಕೇಳಿದ ಸಮಾಜವು ಕಾನೂನನ್ನು ಕಾದು ಕುಳಿತಿತೆಂಬುದು ಅದಕ್ಕಿಂತ ಹೆಚ್ಚು ನಾಚಿಕೆಗೇಡು.

ಹಾಗೆಂದು ರೈತನತ್ತ ಬೆರಳು ತೋರಿಸುವ ಅಧಿಕಾರ ಶ್ರಾವಕರಿಗಿಲ್ಲ. ತಾನು ಮಾಡುವುದು, ಇತರರಿಂದ ಮಾಡಿಸುವುದು, ಮಾಡಿದ್ದನ್ನು ಅನುಮೋದಿಸುವುದು, ಈ ಮೂರರಲ್ಲಿಯೂ ಕರ್ಮಬಂಧವುಂಟು. ದಬ್ಬಣ ಹಿಡಿದವನು ಹಳ್ಳಿಯ ಆಳು. ಆದರೆ ಬಸದಿಯ ಹೊಲವನ್ನು ಆ ಎತ್ತು ಉಳುವುದಾದರೆ, ಟ್ರಸ್ಟಿನ ಗೋಶಾಲೆಯ ಕರು ಆ ಕೈಗೆ ಹೋಗುವುದಾದರೆ, ಉತ್ಸವದ ರಥದ ಮುಂದೆ ಅದೇ ಜೋಡಿ ಮೂಗು ಬಿಗಿಸಿಕೊಂಡು ನಡೆಯುವುದಾದರೆ, ಮಾಡಿಸಿದವರು ಯಾರು? ಸೂರ್ಯಾಸ್ತದ ಮೊದಲು ಉಣ್ಣುವ, ನೀರನ್ನು ಸೋಸಿ ಕುಡಿಯುವ ಮನೆಯ ಅಂಗಳದಲ್ಲಿ ಪಂಚೇಂದ್ರಿಯ ಜೀವಿಯೊಂದು ರಕ್ತ ಸುರಿಸಿ ನಿಂತಿರುವುದು ಯಾವ ವ್ರತದ ಫಲ?

ಆದುದರಿಂದ ಈ ನಾಲ್ಕು ತಾಲ್ಲೂಕುಗಳ ಬಸದಿಗಳ ಆಡಳಿತ ಮಂಡಳಿಗಳು ಮುಂದಿನ ಸಭೆಯಲ್ಲಿಯೇ ತೀರ್ಮಾನಿಸಬೇಕಾದುದು ಇಷ್ಟು. ಸಂಸ್ಥೆಗೆ ಸೇರಿದ ಯಾವ ಕರುವಿಗೂ ಮೂಗು ಚುಚ್ಚಬಾರದು. ಸಂಸ್ಥೆಯ ಜಮೀನನ್ನು ಉಳುವವರಿಗೆ ಮುಖಪಟ್ಟಿಯನ್ನು ಸಂಸ್ಥೆಯೇ ಒದಗಿಸಿ, ಕರುಗಳನ್ನು ಪಳಗಿಸುವ ಕ್ರಮವನ್ನು ಪಶುವೈದ್ಯರಿಂದ ಕಲಿಸಬೇಕು. ಈಗಾಗಲೇ ಚುಚ್ಚಿರುವ ಎತ್ತುಗಳ ನೈಲಾನ್ ಹಗ್ಗವನ್ನು ತೆಗೆಸಿ ಗಾಯಕ್ಕೆ ಚಿಕಿತ್ಸೆ ಮಾಡಿಸಬೇಕು. ಅಭಿಷೇಕದ ಸವಾಲುಗಳಲ್ಲಿ ಕೂಡಿದ ಹಣದ ಒಂದು ಪಾಲು ಚುಂಚನಕಟ್ಟೆಯ ಜಾತ್ರೆಯಲ್ಲಿ ಈ ಕೆಲಸಕ್ಕೆ ವಿನಿಯೋಗವಾದರೆ ಅದಕ್ಕಿಂತ ಮಿಗಿಲಾದ ಜೀವದಯೆ ಬೇರಿಲ್ಲ.

ಆದಿನಾಥನ ಲಾಂಛನ ವೃಷಭ. ಕಣದಲ್ಲಿ ಧಾನ್ಯಕ್ಕೆ ಬಾಯಿ ಹಾಕುವ ಎತ್ತುಗಳಿಗೆ ಕುಕ್ಕೆ ಕಟ್ಟಲು ಹೇಳಿದ ಮಾತಿನ ಫಲವಾಗಿ ಆ ಸ್ವಾಮಿಗೆ ವರ್ಷದವರೆಗೆ ಆಹಾರ ದೊರೆಯಲಿಲ್ಲವೆಂಬ ಕಥೆ ಶ್ವೇತಾಂಬರ ಪರಂಪರೆಯಲ್ಲಿ ಪ್ರಚಲಿತವಾಗಿದೆ. ಬಾಯಿ ಕಟ್ಟಿಸಿದ ಒಂದು ಮಾತಿಗೆ ತೀರ್ಥಂಕರನಾಗಲಿದ್ದವನೂ ಅಷ್ಟು ಬೆಲೆ ತೆರಬೇಕಾಯಿತೆಂದು ಅಕ್ಷಯತೃತೀಯೆಯಂದು ಹೇಳುವವರು, ಮೂಗು ಚುಚ್ಚಿಸಿದ ಕೈಗೆ ಬೆಲೆಯೇ ಇಲ್ಲವೆಂದು ತಿಳಿಯುವುದು ಹೇಗೆ? ಪೀಠದ ಮೇಲೆ ಕೆತ್ತಿದ ವೃಷಭದ ಮೂಗಿಗೆ ಯಾವ ಶಿಲ್ಪಿಯೂ ದಬ್ಬಣ ಹಾಕಬೇಕಾಗಿಲ್ಲ. ಹಟ್ಟಿಯಲ್ಲಿ ನಿಂತಿರುವ ಕರುವಿಗೂ ಅದು ಬೇಕಾಗಿಲ್ಲ.