ಕಡಲು ಕಾಣಲು ಕಾರೇ ಬೇಕೆ?

ಮುಂಬೈಯ ಉಡುಪಿ ಹೋಟೆಲಿನಲ್ಲಿ ಕೆಲಸ ಮಾಡುವ ಹುಡುಗ ರಜೆಯ ಸಂಜೆ ಲೋಕಲ್ ಹತ್ತಿ ಚರ್ನಿ ರೋಡಿನಲ್ಲೋ ಮರೀನ್ ಲೈನ್ಸಿನಲ್ಲೋ ಇಳಿಯುತ್ತಾನೆ. ರಸ್ತೆ ದಾಟಿ ಮರೀನ್ ಡ್ರೈವಿನ ಕಟ್ಟೆಯ ಮೇಲೆ ಕೂರುತ್ತಾನೆ. ಯಾರೂ ಟಿಕೆಟ್ ಕೇಳುವುದಿಲ್ಲ. ದೊಡ್ಡ ಕಾರಿನಿಂದ ಇಳಿದವರೂ ಅದೇ ಕಟ್ಟೆಯ ಮೇಲೆ ಪಕ್ಕದಲ್ಲೇ ಕೂತಿರುತ್ತಾರೆ. ಈ ನಗರ ತನ್ನ ದುಡಿಯುವವರಿಗೆ ಪುಕ್ಕಟೆಯಾಗಿ ಕೊಟ್ಟಿದ್ದು ಕಡಿಮೆ; ಕೊಟ್ಟದ್ದರಲ್ಲಿ ಆ ಕಟ್ಟೆ ಒಂದು.

ಅದೇ ಮರೀನ್ ಡ್ರೈವಿನ ಬದಿಯಿಂದ ಈಗ ಇನ್ನೊಂದು ಕಡಲ ರಸ್ತೆ ಹೊರಡುತ್ತದೆ. ಪ್ರಿನ್ಸೆಸ್ ಸ್ಟ್ರೀಟ್ ಮೇಲ್ಸೇತುವೆಯಿಂದ ಬಾಂದ್ರಾ–ವರ್ಲಿ ಸೀ ಲಿಂಕ್‌ವರೆಗೆ 10.58 ಕಿಲೋಮೀಟರ್. ಮಲಬಾರ್ ಹಿಲ್‌ನ ಅಡಿಯಲ್ಲಿ ಎರಡು ಕಿಲೋಮೀಟರಿಗೂ ಉದ್ದದ ಜೋಡಿ ಸುರಂಗ. ಅದು ಮುಗಿದೊಡನೆ ಎಡಕ್ಕೆ ಅರಬ್ಬೀ ಸಮುದ್ರ, ಆಮೇಲೆ ಹಾಜಿ ಅಲಿ, ಮುಂದೆ ವರ್ಲಿ. ನೋಟ ಚೆಂದ, ಸಂಶಯವಿಲ್ಲ. ಆದರೆ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋಗುವವರಿಗೆ ಮಾತ್ರ. ಬೈಕು, ಸ್ಕೂಟರು, ರಿಕ್ಷಾಗಳಿಗೆ ಇಲ್ಲಿ ಪ್ರವೇಶವಿಲ್ಲ. ಸುಮಾರು 14 ಸಾವಿರ ಕೋಟಿ ರೂಪಾಯಿ ಸಾರ್ವಜನಿಕ ಹಣದ ರಸ್ತೆಯ ಅಂದ ನೋಡಲು ಮೊದಲ ಅರ್ಹತೆ ನಾಲ್ಕು ಚಕ್ರ.

ರಸ್ತೆ ತೆರೆದ ಹೊಸತರಲ್ಲಿ ಜನ ಕಾರು ನಿಲ್ಲಿಸಿ ಸೆಲ್ಫಿ ತೆಗೆದರು, ಪೊಲೀಸರು ದಂಡ ಹಾಕಿದರು. ದಂಡ ಹಾಕಿದ್ದು ಸರಿ. ವೇಗದ ರಸ್ತೆಯಲ್ಲಿ ನಿಂತರೆ ಏನಾಗುತ್ತದೆಂದು 2022ರ ಅಕ್ಟೋಬರ್ 5ರ ನಸುಕಿನಲ್ಲಿ ಸೀ ಲಿಂಕ್ ತೋರಿಸಿದೆ. ಅಪಘಾತವಾದವರ ನೆರವಿಗೆ ನಿಂತವರ ಮೇಲೆಯೇ ಇನ್ನೊಂದು ಕಾರು ನುಗ್ಗಿ ಐವರು ಸತ್ತರು. ಹಾಗಾಗಿ ಕೇಳಬೇಕಾದದ್ದು 'ರಸ್ತೆಯ ಮೇಲೆ ಏಕೆ ನಿಲ್ಲಬಾರದು' ಎಂದಲ್ಲ. ಜನ ನಿಂತು ನೋಡಲು ಬಯಸುತ್ತಾರೆಂಬ ಇಷ್ಟು ಸಣ್ಣ ಸಂಗತಿ ನಕ್ಷೆ ಬರೆಯುವಾಗ ಕೊನೆಯ ಸಾಲಿಗೆ ಹೋದದ್ದೇಕೆ ಎಂದು.

ಕೊನೆಯ ಸಾಲು ಎಂಬುದಕ್ಕೆ ತಾರೀಕುಗಳೇ ಸಾಕ್ಷಿ. ಮೊದಲ ಕಾರು ಓಡಿದ್ದು 2024ರ ಮಾರ್ಚಿನಲ್ಲಿ. ಕಡಲ ಪಕ್ಕದ ಕಾಲುದಾರಿ ಜನರಿಗೆ ತೆರೆದದ್ದು 2025ರ ಆಗಸ್ಟ್ 15ಕ್ಕೆ, ಅಂದರೆ 17 ತಿಂಗಳ ನಂತರ. ತೆರೆದದ್ದು ಒಳ್ಳೆಯದೇ. ಆದರೆ ಅಲ್ಲಿಗೆ ತಲುಪುವುದು ಹೇಗೆ? ಮಹಾಲಕ್ಷ್ಮಿ ಸ್ಟೇಷನ್ನಿನಲ್ಲಿ ಇಳಿದು, ಬಿಸಿಲಲ್ಲಿ ಹಾಜಿ ಅಲಿವರೆಗೆ ನಡೆದು, ರಸ್ತೆಯಡಿಯ ದಾರಿಯಲ್ಲಿ ಹೊಕ್ಕು ಹೊರಬರಬೇಕು. ಮಕ್ಕಳನ್ನೂ ಮುದುಕರನ್ನೂ ಕರೆದೊಯ್ಯುವ ಸಂಸಾರಕ್ಕೆ ಇದು ಸಂಜೆಯ ತಿರುಗಾಟವಲ್ಲ, ಯಾತ್ರೆ. ಕಾರುಗಳಿಗೆ ಮಾತ್ರ ನೆಲದಡಿ ಪಾರ್ಕಿಂಗ್ ಯೋಜನೆಯಲ್ಲೇ ಇದೆ. ಈ ರಸ್ತೆಯನ್ನು ಸಮರ್ಥಿಸುವಾಗ ಬಸ್ಸಿಗೆ ಪ್ರತ್ಯೇಕ ಪಥ ಎಂಬ ಮಾತೂ ಇತ್ತು. ರಸ್ತೆ ತೆರೆದಾಗ ಆ ಪಥ ಕಾಣಲಿಲ್ಲ.

'ರಸ್ತೆ ಇರುವುದು ಊರು ಸೇರಲಿಕ್ಕೆ, ಸಮುದ್ರ ನೋಡಲಿಕ್ಕಲ್ಲ' ಎನ್ನುವವರಿದ್ದಾರೆ. ಅವರು ಮಲಬಾರ್ ಹಿಲ್ ಹತ್ತಿ ನೋಡಲಿ. ಗುಡ್ಡದ ಮೇಲಿನ ಕಮಲಾ ನೆಹರೂ ಪಾರ್ಕಿನಿಂದ ಇಡೀ ಮರೀನ್ ಡ್ರೈವ್ ಕಾಣುತ್ತದೆ. ಅಲ್ಲಿಗೆ ಬೆಸ್ಟ್ ಬಸ್ಸಿನಲ್ಲಿ ಹೋಗಬಹುದು. ಇನ್ನೂ ದೂರ ಬೇಕಿದ್ದರೆ, ಮುಂಬೈ ಪಕ್ಕದ ಪನ್ವೇಲಿನಿಂದ ಹೊರಡುವ ರಾಷ್ಟ್ರೀಯ ಹೆದ್ದಾರಿ 66ನ್ನು ಹಿಡಿದು ಮರವಂತೆಗೆ ಬರಲಿ. ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ. ಊರಿಗೆ ಹೋಗುವ ಮುಂಬೈ ಕನ್ನಡಿಗರು ಬಸ್ಸಿನ ಕಿಟಕಿಯಿಂದ ಕಾಯುವ ನೋಟ ಅದು. ಬೇಕಾದವರು ಬಸ್ಸಿನಿಂದ ಇಳಿದು ಮರಳಿಗೆ ಕಾಲಿಡಬಹುದು. ಊರು ಸೇರಿಸುವ ಹೆದ್ದಾರಿಯೇ ಅಲ್ಲಿ ಸಮುದ್ರವನ್ನೂ ತೋರಿಸುತ್ತದೆ.

'ಕಾಂಕ್ರೀಟ್ ಬಿದ್ದಾಯಿತು, ಇನ್ನು ಬದಲಾಯಿಸಲಾಗದು' ಎಂಬುದೂ ಸುಳ್ಳು. ವರ್ಲಿ ಕೋಳಿವಾಡದ ಮೀನುಗಾರರು ತಮ್ಮ ದೋಣಿಗಳಿಗೆ ದಾರಿ ಸಾಲದೆಂದು ಪಟ್ಟು ಹಿಡಿದಾಗ ಸೇತುವೆಯ ಕಂಬಗಳ ನಡುವಿನ ಅಂತರ 60 ಮೀಟರಿನಿಂದ 120 ಮೀಟರಿಗೆ ಏರಿತು. ಕಡಲಿನ ನಡುವಿನ ಕಂಬವನ್ನೇ ಬದಲಿಸಿದವರಿಗೆ ಒಂದು ಬಸ್ ಸ್ಟಾಪ್ ಕಷ್ಟವೇ?

ಈ ರಸ್ತೆಗಾಗಿ ಸಮುದ್ರದಿಂದ 111 ಹೆಕ್ಟೇರ್ ಜಾಗ ತುಂಬಿಸಿದ್ದಾರೆ. ಅದು ಯಾರ ಅಪ್ಪನ ಆಸ್ತಿಯೂ ಅಲ್ಲ, ಊರಿನದು. ಕಾಲುದಾರಿಯ ಪ್ರತಿ ಬಾಗಿಲಿನ ಎದುರು ಬಸ್ಸು ನಿಲ್ಲಬೇಕು. ಹತ್ತಿರದ ಲೋಕಲ್ ಸ್ಟೇಷನ್ನುಗಳಿಂದ ಭಾನುವಾರವೂ ಆ ಬಸ್ಸು ಓಡಬೇಕು. ಕೂರಲು ನೆರಳು, ಕುಡಿಯಲು ನೀರು, ಹೆಂಗಸರಿಗೆ ಚೊಕ್ಕ ಶೌಚಾಲಯ ಇರಬೇಕು. ಇದಕ್ಕೆ ಸುರಂಗ ಕೊರೆಯುವ ಯಂತ್ರ ಬೇಕಾಗಿಲ್ಲ.

ಅವಸರವೂ ಇದೆ. ಕಡಲ ರಸ್ತೆ ಇಲ್ಲಿಗೇ ನಿಲ್ಲುವುದಿಲ್ಲ; ವರ್ಸೋವಾ ದಾಟಿ ದಹಿಸರ್, ಭಾಯಂದರ್‌ವರೆಗೆ ಹೋಗುವ ಯೋಜನೆ ಇದೆ. ಅಲ್ಲಿ ಕಾಂಡ್ಲಾ ಗಿಡಗಳು ಬಲಿಯಾಗುತ್ತವೆ. ಆ ಉಪನಗರಗಳಲ್ಲಿ ಇರುವವರು ಬಹುಪಾಲು ಲೋಕಲ್ಲಿನಲ್ಲಿ ನೇತಾಡಿ ಕೆಲಸಕ್ಕೆ ಹೋಗುವ ಜನ. ತಮ್ಮ ಕಾಂಡ್ಲಾವನ್ನು ಕಳೆದುಕೊಂಡು, ಬೇರೆಯವರ ಕಾರುಗಳು ಕಡಲು ನೋಡುತ್ತ ಸಾಗುವುದನ್ನು ಅವರು ದೂರದಿಂದ ನೋಡುತ್ತ ನಿಲ್ಲಬೇಕೇ? ನಿಲ್ಲುವ ಜಾಗ ನಕ್ಷೆಯಲ್ಲಿ ಮೊದಲು ಬರಲಿ. ಕಾರಿನ ಪಥ ಎಷ್ಟು ಎಂಬ ಲೆಕ್ಕ ಆಮೇಲೆ.