ನೀರು ನಿಂತಾಗ ರಸ್ತೆ ಮುಚ್ಚುವವರು ಯಾರು?

2023ರ ಮೇ 21, ಭಾನುವಾರ. ರಾಜ್ಯದಲ್ಲಿ ಹೊಸ ಸರ್ಕಾರ ಪ್ರಮಾಣವಚನ ಸ್ವೀಕರಿಸಿದ ಮರುದಿನ. ಮಧ್ಯಾಹ್ನ ಬೆಂಗಳೂರಿನಲ್ಲಿ ಗಾಳಿ, ಆಲಿಕಲ್ಲು ಸಮೇತ ಮಳೆ ಸುರಿಯಿತು. ಆಂಧ್ರ ಮೂಲದ ಕುಟುಂಬವೊಂದನ್ನು ಹೊತ್ತ ಬಾಡಿಗೆ ಕಾರು ಕೆ.ಆರ್. ವೃತ್ತದ ಅಂಡರ್‌ಪಾಸ್‌ಗೆ ಇಳಿದು, ನಡುವಿನಲ್ಲೇ ನಿಂತುಬಿಟ್ಟಿತು. ನೋಡನೋಡುತ್ತ ನೀರು ಏರಿತು. ದಾರಿಹೋಕರು, ಅಗ್ನಿಶಾಮಕ ಸಿಬ್ಬಂದಿ ಸೀರೆ, ಹಗ್ಗ ಎಸೆದು ಕಾರಿನಲ್ಲಿದ್ದವರನ್ನು ಮೇಲಕ್ಕೆಳೆದರು. ಇಪ್ಪತ್ತರ ಹರೆಯದ ಸಾಫ್ಟ್‌ವೇರ್ ಉದ್ಯೋಗಿ ಯುವತಿ ಮಾತ್ರ ಬದುಕಲಿಲ್ಲ. ಆ ಜಾಗದಿಂದ ವಿಧಾನಸೌಧ ಕೂಗಳತೆಯ ದೂರ.

ಅಂಡರ್‌ಪಾಸ್‌ನ ಬಾಯಿಗೆ ಇಟ್ಟಿದ್ದ ಬ್ಯಾರಿಕೇಡ್ ಮಳೆಗೆ ಬಿದ್ದುಹೋಗಿತ್ತೆಂಬ ವಿವರ ಆಮೇಲೆ ಹೊರಬಂತು. ಇಡೀ ದುರಂತದ ತಿರುಳು ಇಲ್ಲಿದೆ. ಒಳಗೆ ಆಳಾಳದ ನೀರು, ಹೊರಗೆ ಅದರ ಅರಿವಿಲ್ಲದ ಚಾಲಕ. ಇವೆರಡರ ನಡುವೆ ಇದ್ದದ್ದು ಗಾಳಿಗೆ ಉರುಳುವ ಒಂದು ತಡೆ. ಬಿದ್ದದ್ದನ್ನು ಎತ್ತಿ ನಿಲ್ಲಿಸಲು ಅಲ್ಲಿ ಒಬ್ಬರೂ ಇರಲಿಲ್ಲ. ಸರ್ಕಾರ ಐದು ಲಕ್ಷ ಪರಿಹಾರ ಘೋಷಿಸಿತು, ತನಿಖೆಯ ಮಾತು ಬಂತು, ಹೂಳು ಎತ್ತುವ ಆದೇಶಗಳು ಹೊರಟವು. ಆದರೆ ನೀರು ಇಂತಿಷ್ಟು ಏರಿದೊಡನೆ ಈ ರಸ್ತೆಯನ್ನು ಮುಚ್ಚಲೇಬೇಕಾದ ಮನುಷ್ಯ ಯಾರು ಎಂಬ ಪ್ರಶ್ನೆಗೆ ಮಾತ್ರ ಊರಿಗೆ ಗೊತ್ತಾಗುವಂಥ ಉತ್ತರ ಸಿಗಲಿಲ್ಲ.

ಇದು ಬೆಂಗಳೂರೊಂದರ ಕಥೆಯಲ್ಲ. ದೆಹಲಿಯ ಮಿಂಟೋ ಬ್ರಿಜ್ ಅಡಿಯ ರಸ್ತೆ ಮಳೆಗೆ ಮುಳುಗುವುದು ಅಲ್ಲಿನವರಿಗೆ ತಲೆಮಾರುಗಳಿಂದ ಗೊತ್ತು. ಗೊತ್ತಿದ್ದರೂ 2020ರ ಜುಲೈ 19ರ ಬೆಳಿಗ್ಗೆ ಸರಕು ವಾಹನದ ಚಾಲಕರೊಬ್ಬರು ಅಲ್ಲೇ ಮುಳುಗಿ ಸತ್ತರು. 2024ರ ಸೆಪ್ಟೆಂಬರ್ 13ರ ರಾತ್ರಿ ಫರೀದಾಬಾದಿನಲ್ಲಿ ಕೆಲಸ ಮುಗಿಸಿ ಮನೆಗೆ ಹೊರಟಿದ್ದ ಬ್ಯಾಂಕ್ ಮ್ಯಾನೇಜರ್ ಮತ್ತು ಕ್ಯಾಷಿಯರ್ ರೈಲ್ವೆ ಅಂಡರ್‌ಪಾಸ್‌ನ ನೀರಿಗೆ ಕಾರು ಇಳಿಸಿದರು. ಕತ್ತಲಲ್ಲಿ ಆಳ ತಿಳಿಯದೆ ಇಬ್ಬರೂ ಮುಳುಗಿ ಸತ್ತರು. ಅವರದು ಸಣ್ಣ ಕಾರೂ ಅಲ್ಲ, ಎತ್ತರದ ಎಸ್‌ಯುವಿ. ದೊಡ್ಡ ಗಾಡಿಯಿದ್ದರೆ ನೀರು ದಾಟಬಹುದೆಂಬ ನಂಬಿಕೆ ಎಷ್ಟು ಟೊಳ್ಳೆಂದು ಆ ಎರಡು ಸಾವುಗಳು ಹೇಳುತ್ತವೆ.

ಸಣ್ಣ ಕಾರಿನ ತೂಕ ಒಂದು ಟನ್ನಿನ ಆಸುಪಾಸು. ಅದರ ತಳದಿಂದ ಮೇಲಕ್ಕೆ ಗೇಣುದ್ದ ನೀರು ಏರಿತೆಂದರೆ ಕಾರು ಪಕ್ಕಕ್ಕೆ ಸರಿಸಿದ ನೀರಿನ ತೂಕವೂ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ಅಲ್ಲಿಂದಾಚೆ ಚಕ್ರ ನೆಲ ಬಿಡುತ್ತದೆ. ಸ್ಟೀರಿಂಗ್, ಬ್ರೇಕ್ ಯಾವುದೂ ಮಾತು ಕೇಳುವುದಿಲ್ಲ. ಅಮೆರಿಕದ ಹವಾಮಾನ ಸೇವೆಯ ಎಚ್ಚರಿಕೆಯ ಪ್ರಕಾರ ಹರಿಯುವ ನೀರು 30 ಸೆಂಟಿಮೀಟರ್ ಇದ್ದರೆ ಬಹುತೇಕ ಸಣ್ಣ ಕಾರುಗಳನ್ನು ಒಯ್ಯುತ್ತದೆ, 60 ಸೆಂಟಿಮೀಟರ್ ಇದ್ದರೆ ಎಸ್‌ಯುವಿಯನ್ನೂ ಬಿಡುವುದಿಲ್ಲ. ಬಾಗಿಲಿನ ತಳದಿಂದ ಮೇಲಕ್ಕೆ ಅರ್ಧ ಮೀಟರ್ ನೀರು ಹೊರಗೆ ನಿಂತರೆ ಅದರ ಮೇಲೆ ನೂರು ಕಿಲೋಗೂ ಮಿಕ್ಕಿದ ಒತ್ತಡ ಬೀಳುತ್ತದೆ. ಒಳಗಿರುವ ಮುದುಕರು, ಮಕ್ಕಳು ಅದನ್ನು ತಳ್ಳಿ ತೆರೆಯುವುದು ಆಗದ ಮಾತು.

ಇದಕ್ಕೆ ಕತ್ತಲು ಸೇರಿದರಂತೂ ಚಾಲಕನ ಜಾಣತನ ಏನೂ ಉಳಿಯುವುದಿಲ್ಲ. ಗಂಟೆಗೆ 60 ಕಿಲೋಮೀಟರ್ ವೇಗದ ವಾಹನಕ್ಕೆ ಎದುರಿನ ಅಡ್ಡಿ ಕಂಡು ನಿಲ್ಲಲು 80 ಮೀಟರ್ ಬೇಕೆಂದು ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾನದಂಡವೇ ಹೇಳುತ್ತದೆ. ಡಿಮ್ ಮಾಡಿದ ಹೆಡ್‌ಲೈಟ್ ಅಷ್ಟು ದೂರ ಚೆನ್ನಾಗಿ ತೋರಿಸುವುದಿಲ್ಲ. ಒದ್ದೆ ಡಾಂಬರು ಬೆಳಕನ್ನು ಮುಂದಕ್ಕೇ ಜಾರಿಸಿಬಿಡುವುದರಿಂದ ಮಳೆಯಲ್ಲಿ ಕಾಣುವುದು ಇನ್ನೂ ಕಡಿಮೆ. ನಿಂತ ನೀರು ರಾತ್ರಿ ಹೊತ್ತು ಒದ್ದೆ ರಸ್ತೆಯ ಹಾಗೇ ಕಾಣುತ್ತದೆ. ಬೀದಿದೀಪ ಬೇಕಾಗಿರುವುದು ಇಂಥ ಗಳಿಗೆಗೇ. ಆದರೆ ಮಳೆ ಬಿರುಸಾದೊಡನೆ ಮೊದಲು ಹೋಗುವುದೇ ಕರೆಂಟು. ಅಂಡರ್‌ಪಾಸ್‌ನ ದೀಪವೂ ನೀರೆತ್ತುವ ಪಂಪೂ ಅದೇ ಲೈನನ್ನು ನಂಬಿಕೊಂಡಿದ್ದರೆ ಎರಡೂ ಒಟ್ಟಿಗೇ ಕೈಕೊಡುತ್ತವೆ, ಅದೂ ಅತ್ಯಂತ ಬೇಕಾದ ಹೊತ್ತಿನಲ್ಲಿ. ಬ್ಯಾಟರಿ ಅಥವಾ ಸೌರಶಕ್ತಿಯ ಪ್ರತ್ಯೇಕ ದೀಪವಿಲ್ಲದ, ಜನರೇಟರ್ ಇಲ್ಲದ ಅಂಡರ್‌ಪಾಸ್ ಅರ್ಧ ಕಟ್ಟಿದ ಕಾಮಗಾರಿ ಎಂದೇ ಲೆಕ್ಕ. ಅದಕ್ಕೆ ಪೂರ್ತಿ ಬಿಲ್ ಪಾವತಿಸುವುದು ತಪ್ಪು.

ಕರೆಂಟು ಇದ್ದರೂ ಅಪಾಯ ತಪ್ಪಿದ್ದಲ್ಲ. 2022ರ ಸೆಪ್ಟೆಂಬರ್ 5ರ ರಾತ್ರಿ, ಬೆಂಗಳೂರಿನ ಪೂರ್ವ ಭಾಗವೆಲ್ಲ ಜಲಾವೃತವಾಗಿದ್ದಾಗ, ವೈಟ್‌ಫೀಲ್ಡ್ ಬಳಿಯ ಸಿದ್ದಾಪುರದಲ್ಲಿ ಸ್ಕೂಟರಿನಲ್ಲಿ ಮನೆಗೆ ಹೊರಟಿದ್ದ 23 ವರ್ಷದ ಯುವತಿ ನೀರಿನಲ್ಲಿ ಆಯ ತಪ್ಪಿ ವಿದ್ಯುತ್ ಕಂಬ ಹಿಡಿದು ಸತ್ತಳು. ಬೆಳಕು ಕೊಡಬೇಕಾದ ಕಂಬಗಳೇ ಕೊಲ್ಲುವಂತಾದರೆ ನೀರಿನಲ್ಲಿ ಸಿಕ್ಕವರು ಯಾವುದಕ್ಕೆ ಕೈಚಾಚಬೇಕು? ಕಾಲಡಿಯ ನೆಲವನ್ನೂ ನಂಬುವಂತಿಲ್ಲ. ಮುಂಬೈಯಲ್ಲಿ 2017ರ ಆಗಸ್ಟ್ 29ರಂದು ಹೆಸರಾಂತ ವೈದ್ಯರೊಬ್ಬರು ನೀರು ತುಂಬಿದ ರಸ್ತೆಯಲ್ಲಿ ನಡೆದು ಹೋಗುತ್ತಿದ್ದಾಗ ಮುಚ್ಚಳ ತೆಗೆದಿದ್ದ ಮ್ಯಾನ್‌ಹೋಲ್‌ಗೆ ಬಿದ್ದರು. ಎರಡು ದಿನದ ಬಳಿಕ ವರ್ಲಿಯಲ್ಲಿ ಶವ ಸಿಕ್ಕಿತು. ನೀರು ಬೇಗ ಇಳಿಯಲೆಂದು ಮುಚ್ಚಳ ತೆಗೆಯುವುದು ನಮ್ಮ ಊರುಗಳಲ್ಲೂ ನಡೆಯುತ್ತದೆ. ಮುಚ್ಚಳದ ಕೆಳಗೊಂದು ಕಬ್ಬಿಣದ ಜಾಲರಿ ಕೂರಿಸಿದರೆ ಮನುಷ್ಯ ಒಳಗೆ ಬೀಳುವುದಿಲ್ಲ. ಇದಕ್ಕೇನು ದೊಡ್ಡ ತಂತ್ರಜ್ಞಾನ ಬೇಕಿಲ್ಲ.

ಹಳ್ಳಿಗಳ ಕಡೆ ಇದೇ ಗಂಡಾಂತರಕ್ಕೆ ಬೇರೆ ಮುಖ. ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಕಾವಲಿಲ್ಲದ ರೈಲ್ವೆ ಗೇಟುಗಳನ್ನು 2019ರ ಜನವರಿ ಹೊತ್ತಿಗೆ ಪೂರ್ತಿ ತೆಗೆಯಲಾಯಿತು. ಅದರಿಂದ ಎಷ್ಟೋ ಜೀವ ಉಳಿದಿದೆ, ಸಂದೇಹವೇ ಇಲ್ಲ. ಆದರೆ ಅನೇಕ ಕಡೆ ಗೇಟಿನ ಬದಲಿಗೆ ಬಂದದ್ದು ಹಳಿಯ ಕೆಳಗಿನ ತಗ್ಗಾದ ಸಿಮೆಂಟ್ ಕೆಳಸೇತುವೆ. ಸುತ್ತಲಿನ ಹೊಲದ ನೀರೆಲ್ಲ ಹರಿದು ಬರುವುದು ಅಲ್ಲಿಗೇ. ಶಾಲೆಯ ಮಕ್ಕಳು, ಹಾಲಿನ ಗಾಡಿ, ಆಂಬುಲೆನ್ಸ್ ಎಲ್ಲಕ್ಕೂ ಅದೊಂದೇ ದಾರಿ. ಸೇತುವೆ ರೈಲ್ವೆಯದು, ರಸ್ತೆ ಪಂಚಾಯಿತಿಯದೋ ಲೋಕೋಪಯೋಗಿಯದೋ, ನೀರು ಮಾತ್ರ ಯಾರದೂ ಅಲ್ಲ. ಚಿಕ್ಕೋಡಿ, ನಿಪ್ಪಾಣಿ ಕಡೆ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ಕೆಳಮಟ್ಟದ ಸೇತುವೆಗಳು ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಜೋರಾದ ವರ್ಷಗಳಲ್ಲೆಲ್ಲ ಮುಳುಗುತ್ತವೆ. ಅಲ್ಲಿ ಕನಿಷ್ಠ ಎಚ್ಚರಿಕೆ ಕೊಡುವ ಪದ್ಧತಿಯಿದೆ, ಪೊಲೀಸರು ದಾರಿ ಬಂದ್ ಮಾಡುತ್ತಾರೆ. ಹಳಿಯ ಕೆಳಗಿನ ಗುಂಡಿಗೆ ಆ ಭಾಗ್ಯವೂ ಇಲ್ಲ.

ಮಾಹಿತಿ ಇಲ್ಲ ಎಂಬ ನೆಪ ಕರ್ನಾಟಕದಲ್ಲಿ ನಡೆಯದು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದವರೆಗೆ ಮಳೆಮಾಪಕಗಳನ್ನು ಇಟ್ಟಿದೆ. ಅವು ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತವೆ. ಬೆಂಗಳೂರಿನ ರಾಜಕಾಲುವೆಗಳಲ್ಲಿ ನೀರಿನ ಮಟ್ಟ ಅಳೆಯುವ ಸಂವೇದಕಗಳಿವೆ, ಮೇಘ ಸಂದೇಶ ಎಂಬ ಆ್ಯಪ್ ಇದೆ. ದೇಶದಲ್ಲಿ ಹೆಚ್ಚಿನ ರಾಜ್ಯಗಳಿಗೆ ಇಲ್ಲದ ಸೌಕರ್ಯ ಇದು, ಹೆಮ್ಮೆಪಡಬೇಕಾದದ್ದು. ಇಷ್ಟೆಲ್ಲ ಇದ್ದೂ ಆ ಲೆಕ್ಕ ಪರದೆಯ ಮೇಲೆ ಮಿನುಗಿದರೆ ಸಾಲದು. ಅಂಡರ್‌ಪಾಸ್‌ನ ಬಾಯಲ್ಲಿ ಗೇಟಾಗಿ ಇಳಿಯಬೇಕು. ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊ ಸುತ್ತಮುತ್ತ ತಗ್ಗು ದಾಟುಗಳಲ್ಲಿ ನೀರು ಏರಿದೊಡನೆ ಸಂವೇದಕ ಕೆಂಪು ದೀಪ ಮಿನುಗಿಸುತ್ತದೆ, ಕೆಲವು ಕಡೆ ಗೇಟು ತಾನಾಗಿ ಬೀಳುತ್ತದೆ. ರೈಲು ಬರುವಾಗ ಗೇಟು ಹಾಕುವ ಶಿಸ್ತನ್ನು ನಮ್ಮ ದೇಶ ನೂರು ವರ್ಷಕ್ಕೂ ಹಿಂದೆಯೇ ಕಲಿತಿದೆ. ನೀರು ಬರುವಾಗ ಅದನ್ನೇ ಮಾಡುವುದು ಅಸಾಧ್ಯವೇನಲ್ಲ.

ತೊಡಕು ಇರುವುದು ಹೊಣೆಯಲ್ಲಿ. ಒಂದು ಅಂಡರ್‌ಪಾಸ್‌ಗೆ ಪಾಲಿಕೆಯ ರಸ್ತೆ ವಿಭಾಗ, ಮಳೆನೀರು ಕಾಲುವೆ ವಿಭಾಗ, ವಿದ್ಯುತ್ ಕಂಪನಿ, ಸಂಚಾರ ಪೊಲೀಸರು, ಹಳಿಯಿದ್ದರೆ ರೈಲ್ವೆ, ಹೀಗೆ ನಾಲ್ಕೈದು ಒಡೆಯರು. ಸಾವು ಸಂಭವಿಸಿದಾಗ ಪ್ರತಿಯೊಬ್ಬರೂ ಇನ್ನೊಬ್ಬರ ಕಡೆ ಕೈ ತೋರಿಸಬಹುದು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 198ಎ ಕಲಂ ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯ ಲೋಪದಿಂದ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಅಧಿಕಾರಿ, ಗುತ್ತಿಗೆದಾರರ ಮೇಲೆ ದಂಡ ಹಾಕಲು ದಾರಿ ಮಾಡಿದೆ. ದಂಡದ ಮಿತಿ ಎಷ್ಟು? ಒಂದು ಲಕ್ಷ ರೂಪಾಯಿ. ಕೋಟಿಗಟ್ಟಲೆ ಕಾಮಗಾರಿಯ ಗುತ್ತಿಗೆದಾರನಿಗೆ ಇದು ಲೆಕ್ಕಕ್ಕೇ ಬಾರದ ಮೊತ್ತ. ಸಂಸತ್ತು ಇದನ್ನು ಹೆಚ್ಚಿಸಬೇಕು. ಅಲ್ಲಿಯವರೆಗೆ ಪೊಲೀಸರು ಇರುವ ಕಲಮನ್ನಾದರೂ ಬಳಸಬೇಕು.

ರಾಜ್ಯ ಸರ್ಕಾರ ಮಾಡಬೇಕಾದದ್ದಕ್ಕೆ ಸಂಸತ್ತಿನ ದಾರಿ ಕಾಯಬೇಕಿಲ್ಲ. ಪ್ರತಿ ಅಂಡರ್‌ಪಾಸ್‌ನ ಗೋಡೆಗೆ ದೂರದಿಂದ, ಕತ್ತಲಲ್ಲೂ ಹೊಳೆಯುವ ಅಳತೆಪಟ್ಟಿ ಬಳಿಯಲಿ, ಅದರಲ್ಲಿ 30 ಸೆಂಟಿಮೀಟರಿಗೆ ಕೆಂಪು ಗೆರೆ ಇರಲಿ. ನೀರು ಆ ಗೆರೆ ಮುಟ್ಟುವ ಮೊದಲೇ ರಸ್ತೆ ಮುಚ್ಚುವ ಅಧಿಕಾರವನ್ನು ಮೇಲಿನವರ ಫೋನಿಗೆ ಕಾಯದಂತೆ ಸ್ಥಳದಲ್ಲಿರುವ ಕಾನ್‌ಸ್ಟೆಬಲ್‌ಗೋ ಪೌರಕಾರ್ಮಿಕರ ಮೇಸ್ತ್ರಿಗೋ ಲಿಖಿತವಾಗಿ ಕೊಡಲಿ. ಸಂಚಾರ ಅಸ್ತವ್ಯಸ್ತವಾಯಿತೆಂದು ಅವರನ್ನು ಬೈಯುವಂತಿಲ್ಲ ಎಂಬುದೂ ಆ ಆದೇಶದಲ್ಲೇ ಇರಲಿ.

ಚಾಲಕರಿಗೂ ಒಂದು ಮಾತು. ಮುಂದಿನ ಗಾಡಿ ದಾಟಿತೆಂದು ಹಿಂಬಾಲಿಸಬೇಡಿ. ಅದು ಹೋದ ಮೇಲೂ ನೀರು ಏರುತ್ತಲೇ ಇರುತ್ತದೆ. ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಲು ಕೂರದೆ, ವಿದ್ಯುತ್ ಕಿಟಕಿ ಕೆಲಸ ಮಾಡುತ್ತಿರುವಾಗಲೇ ಗಾಜು ಇಳಿಸಿ ಎಲ್ಲರನ್ನೂ ಹೊರಗೆ ಕಳಿಸಿ. ಗಾಜು ಒಡೆಯಬೇಕಾಗಿ ಬಂದರೆ ಮುಂದಿನದನ್ನಲ್ಲ, ಪಕ್ಕದ ಕಿಟಕಿಯ ಮೂಲೆಗೆ ಹೊಡೆಯಿರಿ. ಬಾಡಿಗೆ ಕಾರಿನಲ್ಲಿ ಕೂತವರು, ನೀರು ಕಂಡಾಗ ‘ಬೇಡ, ವಾಪಸ್ ತಿರುಗಿಸಿ’ ಎಂದು ಹೇಳಲು ಸಂಕೋಚಪಡಬಾರದು.

ಬೆಂಗಳೂರಿನಲ್ಲಿ ಏಪ್ರಿಲ್, ಮೇ ತಿಂಗಳ ಮುಂಗಾರು ಪೂರ್ವ ಮಳೆ ತಪ್ಪುವುದಿಲ್ಲ. ಅದಕ್ಕೂ ಮುಂಚಿನ ವಾರ್ಡ್ ಸಮಿತಿ ಸಭೆಗೋ ಗ್ರಾಮಸಭೆಗೋ ಹೋದವರು, ನಮ್ಮ ದಾರಿಯ ಅಂಡರ್‌ಪಾಸ್ ಮುಚ್ಚುವವರ ಹೆಸರೇನು, ಮೊಬೈಲ್ ನಂಬರೇನು ಎಂದು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿಕೊಂಡೇ ಬರಬೇಕು.