ಯಾವ ವರ್ಷ ಪಾಸಾದವರಿಗೆ?

2024ರ ಏಪ್ರಿಲ್ ಕೊನೆಯ ವಾರ ನಮ್ಮ ಮನೆಯಲ್ಲಿ ಕಾಕಾನ ಮಗಳ ಮದುವೆ ಇತ್ತು. ಲೋಕಸಭೆಗೆ ಮತದಾನ ಮೇ 7ಕ್ಕೆ. ಹಂದರದ ಕೆಳಗೆ ಯಾರು ಕುಳಿತರೂ ಚುನಾವಣೆಯದೇ ಮಾತು. ನಮ್ಮೂರು ಬೈಲಹೊಂಗಲ ತಾಲ್ಲೂಕಿನ ಹಳ್ಳಿ. ಅಕ್ಕನನ್ನು ಕೊಟ್ಟದ್ದು ಕಿತ್ತೂರಿಗೆ. ಸೋದರಮಾವ ರಾಮದುರ್ಗದಲ್ಲಿ ಮಗ್ಗ ಇಟ್ಟುಕೊಂಡವರು. ಹತ್ತಿರದ ಗೆಳೆಯ ಸವದತ್ತಿಯವನು. ಹೀಗಾಗಿ ನಾಲ್ಕು ತಾಲ್ಲೂಕಿನ ಮಂದಿ ಒಂದೇ ಜಮಖಾನೆಯ ಮೇಲೆ ಸೇರಿದ್ದರು.

ಒಂದು ತಮಾಷೆ ನೋಡಿ. ಬೈಲಹೊಂಗಲ, ಸವದತ್ತಿ, ರಾಮದುರ್ಗ ಬೆಳಗಾವಿ ಲೋಕಸಭಾ ಕ್ಷೇತ್ರಕ್ಕೆ ಸೇರಿದರೆ, ಪಕ್ಕದ ಕಿತ್ತೂರು ಉತ್ತರ ಕನ್ನಡ ಕ್ಷೇತ್ರಕ್ಕೆ ಸೇರಿದೆ. ನಮ್ಮ ಅಕ್ಕ ಸಂತೆಗೆ ಬರುವುದು ಬೈಲಹೊಂಗಲಕ್ಕೆ. ಸಂಸದರನ್ನು ಆರಿಸುವುದು ಮಾತ್ರ ಕಾರವಾರ, ಭಟ್ಕಳದ ಜನರ ಜೊತೆಗೂಡಿ. ಬೆಳಗಾವಿಯಲ್ಲಿ ಜಗದೀಶ ಶೆಟ್ಟರ್ ಎದುರು ಮೃಣಾಲ್ ಹೆಬ್ಬಾಳ್ಕರ್. ಅತ್ತ ವಿಶ್ವೇಶ್ವರ ಹೆಗಡೆ ಕಾಗೇರಿ ಎದುರು ಅಂಜಲಿ ನಿಂಬಾಳ್ಕರ್. ಹಂದರದಲ್ಲಿ ನಾಲ್ವರ ಹೆಸರೂ ಓಡಾಡುತ್ತಿದ್ದವು.

ವಾದ ಜೋರಾಗಿತ್ತು. ‘ಶೆಟ್ಟರ್ ಹುಬ್ಬಳ್ಳಿಯವರು, ಹೊರಗಿನವರು’ ಎಂದು ಒಬ್ಬರು. ‘2023ರ ಏಪ್ರಿಲ್‌ನಲ್ಲಿ ಬಿಜೆಪಿ ಬಿಟ್ಟರು, 2024ರ ಜನವರಿಯಲ್ಲಿ ಮರಳಿ ಬಂದರು, ಹತ್ತು ತಿಂಗಳೂ ತಡೆಯಲಿಲ್ಲ’ ಎಂದು ಇನ್ನೊಬ್ಬರು. ‘ಹಂಗಾರ ಮಂತ್ರಿಯ ಮಗನಿಗೆ ಟಿಕೆಟ್ ಕೊಟ್ಟದ್ದು ಯಾವ ನ್ಯಾಯ?’ ಎಂದು ಮತ್ತೊಬ್ಬರು. ‘ಶೆಟ್ಟರ್ ಅವರೂ ದಿವಂಗತ ಸುರೇಶ ಅಂಗಡಿಯವರ ಬೀಗರೇ ಅಲ್ಲವೇ?’ ಎಂಬ ಮರುಪ್ರಶ್ನೆ. ಎಲ್ಲವೂ ಸತ್ಯವೇ. ಆದರೆ ಎರಡು ತಾಸು ಮಾತಾಡಿದರೂ ಒಬ್ಬರ ಬಾಯಲ್ಲೂ ಮಲಪ್ರಭೆಯ ನೀರು ಬರಲಿಲ್ಲ, ರೈಲು ಬರಲಿಲ್ಲ, ನಮ್ಮಂಥ ಹುಡುಗರ ನೌಕರಿ ಬರಲಿಲ್ಲ.

ಅಷ್ಟರಲ್ಲಿ ಸೋದರಮಾವ ನನ್ನ ಕಡೆ ತಿರುಗಿದರು.

‘ಅಲ್ಲೋ ತಮ್ಮಾ, ಆ ಯುವನಿಧಿ ರೊಕ್ಕ ನಿನಗ ಎಷ್ಟ ಬಂತು?’

‘ಬಂದಿಲ್ಲ ಮಾವಾ.’

‘ಯಾಕ?’

‘ನಾ ಪಾಸಾದ ವರ್ಷ ಬ್ಯಾರೆ.’

‘ಮತ್ತ ಹೋದ ವರ್ಷ ಓಣಿ ತುಂಬ ಹೇಳಿಕೋತ ಅಡ್ಡಾಡಿದ್ಯಲ್ಲೋ?’

ಹಂದರ ನಕ್ಕಿತು. ನಾನು ನೀರು ತರುವ ನೆವ ಮಾಡಿ ಎದ್ದೆ.

ಆ ನಗುವಿನ ಹಿಂದಿನ ಕತೆ ಹೇಳಲೇಬೇಕು. 2023ರ ಮಾರ್ಚ್ 20ರಂದು ಬೆಳಗಾವಿಯ ಸಮಾವೇಶದಲ್ಲಿ ರಾಹುಲ್ ಗಾಂಧಿ ಯುವನಿಧಿ ಘೋಷಿಸಿದರು. ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500 ರೂಪಾಯಿ, ಎರಡು ವರ್ಷ. ನಾನು 2021ರಲ್ಲಿ ಪದವಿ ಮುಗಿಸಿದವನು. ಬೈಲಹೊಂಗಲದಲ್ಲಿ ರೂಮು ಬಾಡಿಗೆ, ಅರ್ಜಿ ಶುಲ್ಕ, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ ಎಂದು ಅಪ್ಪನ ಮುಂದೆ ಪ್ರತಿ ತಿಂಗಳು ಕೈಯೊಡ್ಡಿ ನಿಲ್ಲುತ್ತಿದ್ದೆ. ಮೂರು ಸಾವಿರ ಎಂದರೆ ಆ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಬಹುದಾದ ಮೊತ್ತ. ಕೇಳಿದ ಕ್ಷಣವೇ ಅದು ನನ್ನದೇ ಎಂದುಕೊಂಡೆ. ಎಲ್ಲಿ ನಾಲ್ಕು ಜನ ಕಂಡರೂ ಅದನ್ನೇ ವಾದಿಸಿದೆ.

ಸವದತ್ತಿಯ ಗೆಳೆಯ ಬಿಜೆಪಿ ಪರ. ‘ಪುಕ್ಕಟೆ ಕೊಟ್ಟು ರಾಜ್ಯ ಮುಳುಗಿಸ್ತಾರ’ ಎನ್ನುತ್ತಿದ್ದ. ಹಾಗಿದ್ದರೆ ವರ್ಷಕ್ಕೆ ಮೂರು ಸಿಲಿಂಡರ್, ದಿನಕ್ಕೆ ಅರ್ಧ ಲೀಟರ್ ನಂದಿನಿ ಹಾಲು ಎಂದು ಬಿಜೆಪಿಯ ಪ್ರಣಾಳಿಕೆಯಲ್ಲಿರುವುದು ಏನು ಎಂದು ನಾನು ಕೇಳುತ್ತಿದ್ದೆ. ಅಲ್ಲಿಯವರೆಗೆ ಸರಿ. ಒಂದು ದಿನ ಮಾತು ಮಿತಿ ದಾಟಿತು. ಅವನು 2021ರ ಅಕ್ಟೋಬರ್‌ನಲ್ಲಿ ಪಿಎಸ್‌ಐ ಪರೀಕ್ಷೆ ಬರೆದವನು. 545 ಹುದ್ದೆಗಳ ಆ ನೇಮಕಾತಿ ಅಕ್ರಮದ ಕಾರಣಕ್ಕೆ 2022ರ ಏಪ್ರಿಲ್‌ನಲ್ಲಿ ರದ್ದಾಯಿತು. ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. ತಪ್ಪು ಮಾಡದೇ ಬರೆದ ಸಾವಿರಾರು ಹುಡುಗರಂತೆ ಅವನೂ ಎರಡು ವರ್ಷ ಕಾದ. ಆ ಗಾಯ ನನಗೆ ಗೊತ್ತಿತ್ತು. ಗೊತ್ತಿದ್ದೇ, ಬಸ್ ನಿಲ್ದಾಣದಲ್ಲಿ ಎಲ್ಲರೆದುರು ಅಂದುಬಿಟ್ಟೆ: ‘ನಿನ್ನ ಪಕ್ಷದ ಸರಕಾರದಾಗೇ ನಿನ್ನ ಪರೀಕ್ಷೆ ಹೋತಲ್ಲೋ, ಇನ್ನೂ ಜೈ ಅಂತಿ?’

ಅವನು ಏನೂ ಹೇಳದೆ ಬಸ್ ಹತ್ತಿದ. ವಾದದಲ್ಲಿ ನಾನು ಗೆದ್ದಿದ್ದೆ. ಒಂದು ವರ್ಷ ಅವನು ನನ್ನೊಂದಿಗೆ ಮಾತಾಡಲಿಲ್ಲ.

2023ರ ಮೇ 13ರಂದು ಫಲಿತಾಂಶ ಬಂತು. ಕಿತ್ತೂರು, ಬೈಲಹೊಂಗಲ, ಸವದತ್ತಿ ಯಲ್ಲಮ್ಮ, ರಾಮದುರ್ಗ ನಾಲ್ಕರಲ್ಲೂ ಕಾಂಗ್ರೆಸ್ ಗೆದ್ದಿತು. ಜೂನ್ 2ರಂದು ಗ್ಯಾರಂಟಿಗಳ ವಿವರ ಪ್ರಕಟವಾಯಿತು. ಯುವನಿಧಿ 2022–23ರಲ್ಲಿ ಪಾಸಾದವರಿಗೆ, ಅದೂ ಪಾಸಾಗಿ 180 ದಿನ ಕಳೆದರೂ ಕೆಲಸ ಸಿಗದಿದ್ದರೆ. ನಾನು ಆ ಪಟ್ಟಿಯಲ್ಲಿ ಇರಲಿಲ್ಲ. ಯೋಜನೆಗೆ ಒಂದು ಗೆರೆ ಬೇಕೇ ಬೇಕು, ಅದನ್ನು ಎಲ್ಲೋ ಒಂದು ಕಡೆ ಎಳೆಯಲೇಬೇಕು ಎಂಬುದು ಅರ್ಥವಾಗುತ್ತದೆ. ನನ್ನ ತಕರಾರು ನನ್ನ ಮೇಲೆಯೇ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ನಾನು. ಯಾವ ಅಧಿಸೂಚನೆ ಬಂದರೂ ಮೊದಲು ನೋಡುವುದು ವಯೋಮಿತಿ, ಅರ್ಹತೆ, ಕೊನೆಯ ದಿನಾಂಕ. ಆದರೆ ಸ್ವಂತ ಬದುಕಿಗೆ ಸಂಬಂಧಿಸಿದ ಭರವಸೆ ಕಿವಿಗೆ ಬಿದ್ದಾಗ ‘ಯಾವ ವರ್ಷ ಪಾಸಾದವರಿಗೆ?’ ಎಂಬ ಮೂರೇ ಪದದ ಪ್ರಶ್ನೆಯನ್ನು ನಾನು ಯಾರಿಗೂ ಕೇಳಲಿಲ್ಲ. ಗೆಳೆಯನ ಮನಸ್ಸು ನೋಯಿಸಲು ಮಾತ್ರ ಬಾಯಿ ಇತ್ತು.

ಮದುವೆಯ ದಿನ ನೀರಿನ ಬಿಂದಿಗೆ ಹಿಡಿದು ಅಡುಗೆಮನೆ ಕಡೆ ಹೋದೆ. ಅಲ್ಲಿ ಹೆಂಗಸರು ರೊಟ್ಟಿ ಬಡಿಯುತ್ತ ಬೇರೆಯದೇ ಚುನಾವಣೆ ನಡೆಸುತ್ತಿದ್ದರು. ‘ಈ ತಿಂಗಳ ಎರಡು ಸಾವಿರ ಯಾವ ತಾರೀಖಿಗೆ ಬಿತ್ತು?’ ‘ರೇಷನ್ ಕಾರ್ಡಿನ್ಯಾಗ ಯಜಮಾನಿ ಅಂತ ಅತ್ತಿ ಹೆಸರೈತಿ, ಸೊಸಿಗೆ ಹೆಂಗ ಬರ್ತೈತಿ?’ ‘ಬಸ್ ಫ್ರೀ ಖರೆ, ಹುಣ್ಣಿಮಿಗೆ ಯಲ್ಲಮ್ಮನ ಗುಡ್ಡಕ್ಕ ಹೋದರ ನಿಲ್ಲಾಕ ಜಾಗಾ ಇಲ್ಲಲ್ಲ, ಬಸ್ ಯಾವಾಗ ಹೆಚ್ಚು ಬಿಡ್ತಾರ?’ ಯಾವ ತಾರೀಖು, ಯಾರ ಹೆಸರಿಗೆ, ಎಷ್ಟು, ಯಾವಾಗ. ನಾಯಕರ ಹೆಸರೇ ಇಲ್ಲ. ನೀತಿಯ ಚರ್ಚೆ ಎಂದು ನಮ್ಮ ರಾಜ್ಯಶಾಸ್ತ್ರದ ಪುಸ್ತಕದಲ್ಲಿ ಬರೆದದ್ದು ಇದನ್ನೇ ಅಲ್ಲವೇ? ಹಂದರದಲ್ಲಿ ಕುಳಿತ ಗಂಡಸರು, ಪದವಿ ಪಡೆದ ನಾನೂ ಸೇರಿ, ಆಡುತ್ತಿದ್ದುದು ಕುಸ್ತಿಯ ಕಾಮೆಂಟರಿ.

ಆ ದಿನದಿಂದ ನಾನು ಪ್ರತಿ ಭರವಸೆಯನ್ನೂ ಅಡುಗೆಮನೆಯ ಪ್ರಶ್ನೆಗಳಿಂದ ಅಳೆಯಲು ಶುರು ಮಾಡಿದೆ. ಮಹದಾಯಿಯನ್ನೇ ತೆಗೆದುಕೊಳ್ಳಿ. ಸವದತ್ತಿ ಬಳಿಯ ನವಿಲುತೀರ್ಥ ಜಲಾಶಯಕ್ಕೆ ನೀರು ಹೆಚ್ಚಿಸುವ ಕಳಸಾ–ಬಂಡೂರಿ ಪ್ರತಿ ಚುನಾವಣೆಯ ಖಾಯಂ ಅತಿಥಿ. ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಅಡಿ ಕೊಟ್ಟಿತು. ಅದರಲ್ಲಿ ಕಳಸಾ–ಬಂಡೂರಿ ಮೂಲಕ ಮಲಪ್ರಭೆಗೆ ತಿರುಗಬೇಕಾದದ್ದು 3.9 ಟಿಎಂಸಿ. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಜಲ ಆಯೋಗ ವಿವರವಾದ ಯೋಜನಾ ವರದಿಗೆ ಒಪ್ಪಿಗೆ ನೀಡಿತು, ಪಟಾಕಿಯೂ ಹಾರಿತು. ಅರಣ್ಯ ಮತ್ತು ವನ್ಯಜೀವಿ ಅನುಮತಿ ಬೇರೆಯೇ ಬೇಕು ಎಂಬುದನ್ನು ಪಟಾಕಿ ಹಚ್ಚಿದವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಕೇಂದ್ರದಲ್ಲಿರುವ ಪಕ್ಷದ ಅಭ್ಯರ್ಥಿಗೆ ‘ಆ ಅನುಮತಿ ಯಾವಾಗ ತರುತ್ತೀರಿ?’ ಎಂದೂ, ರಾಜ್ಯದಲ್ಲಿರುವ ಪಕ್ಷದ ಅಭ್ಯರ್ಥಿಗೆ ‘ಅದಕ್ಕೆ ಬೇಕಾದ ಕಾಗದಪತ್ರ ಎಲ್ಲವೂ ಕೊಟ್ಟಿದ್ದೀರಾ?’ ಎಂದೂ ಕೇಳಬೇಕಿತ್ತು.

ಧಾರವಾಡ–ಕಿತ್ತೂರು–ಬೆಳಗಾವಿ ರೈಲು ಮಾರ್ಗದ ಕತೆಯೂ ಇದೇ. ಸುರೇಶ ಅಂಗಡಿಯವರು ರೈಲ್ವೆ ರಾಜ್ಯ ಸಚಿವರಾಗಿದ್ದಾಗ ಜೀವ ಪಡೆದ, ಸುಮಾರು 73 ಕಿ.ಮೀ. ಉದ್ದದ ಯೋಜನೆ. ಈಗಿನ ರೈಲು ಲೋಂಡಾ ಸುತ್ತಿ ಹೋಗುತ್ತದೆ. ಹೊಸ ಮಾರ್ಗ ಬಂದರೆ ಕಿತ್ತೂರಿನ ಹುಡುಗ ಧಾರವಾಡದ ಕೋಚಿಂಗ್‌ಗೆ, ಬೆಳಗಾವಿಯ ಕೆಲಸಕ್ಕೆ ಮನೆಯಿಂದಲೇ ಓಡಾಡಬಹುದು. ಭೂಮಿ ಒದಗಿಸಬೇಕಾದದ್ದು ರಾಜ್ಯ, ಹಳಿ ಹಾಕಬೇಕಾದದ್ದು ರೈಲ್ವೆ. ಹೊಲ ಹೋಗುವ ರೈತನಿಗೆ ಅವನದೇ ಪ್ರಶ್ನೆಗಳಿವೆ, ಅವೂ ನ್ಯಾಯವೇ. ‘ರೈಲು ಬೇಕೋ ಬೇಡವೋ?’ ಎಂಬ ಭಾಷಣದಲ್ಲಿ ಇದ್ಯಾವುದೂ ಬರುವುದಿಲ್ಲ. ಯಾವ ಊರಿನ ಎಷ್ಟು ಎಕರೆ, ಪರಿಹಾರ ಎಷ್ಟು, ಯಾವ ವರ್ಷಕ್ಕೆ ಮುಗಿಯುತ್ತದೆ ಎಂದು ಕೇಳಿದಾಗ ಮಾತ್ರ ಬರುತ್ತದೆ.

ನಮ್ಮ ಪ್ರಶ್ನೆಗೆ ಯಾರು ಬೆಲೆ ಕೊಡುತ್ತಾರೆ ಎಂದು ನೀವು ಕೇಳಬಹುದು. 2021ರ ಬೆಳಗಾವಿ ಉಪಚುನಾವಣೆಯಲ್ಲಿ ಮಂಗಲಾ ಅಂಗಡಿಯವರು ಸತೀಶ ಜಾರಕಿಹೊಳಿಯವರ ವಿರುದ್ಧ ಗೆದ್ದದ್ದು 5,240 ಮತಗಳಿಂದ. ಎಂಟು ವಿಧಾನಸಭಾ ಕ್ಷೇತ್ರಗಳು ಸೇರಿದ ಲೋಕಸಭಾ ಕ್ಷೇತ್ರದಲ್ಲಿ ಅಷ್ಟೇ ಅಂತರ. 2023ರಲ್ಲಿ ನಾಲ್ಕೂ ಕಡೆ ಕಾಂಗ್ರೆಸ್ ಶಾಸಕರು. ಮರುವರ್ಷ ಬೆಳಗಾವಿಗೆ ಶೆಟ್ಟರ್, ಉತ್ತರ ಕನ್ನಡಕ್ಕೆ ಕಾಗೇರಿ, ಇಬ್ಬರೂ ಬಿಜೆಪಿ ಸಂಸದರು. ಈ ಭಾಗದ ಮತ ಯಾರ ಜೇಬಿನಲ್ಲೂ ಇಲ್ಲ. ಜೇಬಿನಲ್ಲಿಲ್ಲದ ಮತಕ್ಕೆ ಉತ್ತರ ಕೊಡಲೇಬೇಕಾಗುತ್ತದೆ, ನಾವು ಪ್ರಶ್ನೆ ಇಟ್ಟರೆ.

ನಮ್ಮ ಫಲಿತಾಂಶ ಬಂದು ಸರಿಯಾಗಿ ಒಂದು ತಿಂಗಳಿಗೆ, 2024ರ ಜುಲೈ 4ರಂದು, ಬ್ರಿಟನ್ನಿನಲ್ಲಿ ಸಾರ್ವತ್ರಿಕ ಚುನಾವಣೆ ನಡೆಯಿತು. ಹೆಚ್ಚು ಮತ ಪಡೆದವನೇ ಗೆದ್ದ ಎಂಬ ಈ ಪದ್ಧತಿ ನಮಗೆ ಬಂದದ್ದು ಅಲ್ಲಿಂದಲೇ. ಅಲ್ಲಿಯೂ ಎಲ್ಲವೂ ಗಂಭೀರ ಎಂದುಕೊಳ್ಳಬೇಡಿ. ರಿಷಿ ಸುನಕ್ ಮಳೆಯಲ್ಲಿ ತೊಯ್ಯುತ್ತ ಚುನಾವಣೆ ಘೋಷಿಸಿದರು. ಅವರ ಒದ್ದೆ ಕೋಟಿನ ಬಗ್ಗೆಯೇ ಎಷ್ಟೋ ಮಾತು ನಡೆಯಿತು. ಆದರೆ ಅಲ್ಲಿ ಒಂದು ಹಳೆಯ ರೂಢಿ ಇದೆ. ಕ್ಷೇತ್ರದ ಅಭ್ಯರ್ಥಿಗಳನ್ನೆಲ್ಲ ಶಾಲೆಯದೋ ಚರ್ಚಿನದೋ ಸಭಾಂಗಣಕ್ಕೆ ಕರೆದು ಒಂದೇ ವೇದಿಕೆಯಲ್ಲಿ ಕೂಡಿಸುತ್ತಾರೆ. ಮತದಾರರು ಕೇಳುತ್ತಾರೆ, ಅವರು ಉತ್ತರಿಸಬೇಕು. 6,500 ಹೊಸ ಶಿಕ್ಷಕರನ್ನು ನೇಮಿಸುತ್ತೇವೆ ಎಂದ ಲೇಬರ್ ಪಕ್ಷ, ಖಾಸಗಿ ಶಾಲೆಗಳ ಶುಲ್ಕದ ಮೇಲೆ ತೆರಿಗೆ ಹಾಕಿ ಹಣ ತರುತ್ತೇವೆ ಎಂದೂ ಹೇಳಿತ್ತು. ಹಣ ಎಲ್ಲಿಂದ ಎಂದು ಅಲ್ಲಿ ಕೇಳುತ್ತಾರೆ.

ಇನ್ನೂ ಹಿಂದಿನ ಒಂದು ಉದಾಹರಣೆ ವಿದ್ಯಾರ್ಥಿಗಳಾದ ನಮಗೇ ಹೇಳಿ ಮಾಡಿಸಿದಂತಿದೆ. 2010ರ ಚುನಾವಣೆಯಲ್ಲಿ ಅಲ್ಲಿನ ವಿದ್ಯಾರ್ಥಿ ಒಕ್ಕೂಟ, ಶುಲ್ಕ ಏರಿಕೆಯ ವಿರುದ್ಧ ಮತ ಹಾಕುತ್ತೇವೆಂದು ಅಭ್ಯರ್ಥಿಗಳಿಂದ ಬರೆಸಿ ಸಹಿ ಪಡೆಯಿತು. ಲಿಬರಲ್ ಡೆಮಾಕ್ರಾಟ್ ಪಕ್ಷದ ನಾಯಕ ನಿಕ್ ಕ್ಲೆಗ್ ಕೂಡ ಸಹಿ ಹಾಕಿದರು. ಚುನಾವಣೆ ಮುಗಿದ ಮೇಲೆ ಆ ಪಕ್ಷ ಸರಕಾರದಲ್ಲಿ ಪಾಲುದಾರನಾಯಿತು. ಅದೇ ವರ್ಷ ಶುಲ್ಕದ ಮಿತಿಯನ್ನು ವರ್ಷಕ್ಕೆ ಸುಮಾರು 3 ಸಾವಿರ ಪೌಂಡ್‌ನಿಂದ 9 ಸಾವಿರ ಪೌಂಡ್‌ಗೆ ಏರಿಸುವ ತೀರ್ಮಾನವಾಯಿತು. 2015ರಲ್ಲಿ ಪಕ್ಷ 57 ಸ್ಥಾನಗಳಿಂದ 8ಕ್ಕೆ ಕುಸಿಯಿತು. ಸೋಲಿಗೆ ಅದೊಂದೇ ಕಾರಣವಲ್ಲ. ಆದರೆ ಸಹಿ ಇದ್ದದ್ದರಿಂದ ‘ನಾನು ಹಾಗೆ ಹೇಳಿಯೇ ಇಲ್ಲ’ ಎನ್ನುವ ದಾರಿ ಅವರಿಗೆ ಇರಲಿಲ್ಲ.

ಇಂಥದ್ದನ್ನು ನಾವು ಮಾಡಲಾರೆವೇ? ನಾಲ್ಕೂ ತಾಲ್ಲೂಕುಗಳಲ್ಲಿ ಪದವಿ ಕಾಲೇಜುಗಳಿವೆ, ಗ್ರಂಥಾಲಯಗಳಲ್ಲಿ ಬೆಳಗಿನಿಂದ ಸಂಜೆವರೆಗೆ ಓದುವ ನಮ್ಮಂಥವರಿದ್ದಾರೆ. ಅನುಮತಿ ಪಡೆದು, ಎಲ್ಲ ಪಕ್ಷದವರನ್ನೂ ಕರೆದು ಒಂದು ವೇದಿಕೆ ಮಾಡೋಣ. ಬಾರದವರ ಕುರ್ಚಿ ಖಾಲಿ ಇರಲಿ, ಅದೂ ಒಂದು ಉತ್ತರವೇ. ಅಷ್ಟು ಆಗದಿದ್ದರೆ ಐದು ಪ್ರಶ್ನೆಗಳ ಒಂದು ಹಾಳೆ ಸಾಕು: ಯಾರಿಗೆ? ಯಾವಾಗ? ಎಷ್ಟು? ಹಣ ಎಲ್ಲಿಂದ? ನಿಮ್ಮ ಅಧಿಕಾರದಲ್ಲಿದೆಯೇ? ಕೆಳಗೆ ಸಹಿ. ಚೆನ್ನಮ್ಮನ ಪ್ರತಿಮೆಗೆ ಹಾರ ಹಾಕುವುದರಲ್ಲಿ ಎಲ್ಲ ಪಕ್ಷಗಳೂ ಒಂದೇ. ಹಾಳೆಗೆ ಸಹಿ ಹಾಕುವಾಗ ವ್ಯತ್ಯಾಸ ತಿಳಿಯುತ್ತದೆ.

ನಾಯಕರ ಬಗ್ಗೆ ಮಾತೇ ಬೇಡ ಎನ್ನುತ್ತಿಲ್ಲ. ಪಕ್ಷ ಬದಲಿಸಿದವರನ್ನು, ಮನೆತನದ ಬಲದಿಂದ ಬಂದವರನ್ನು ಪ್ರಶ್ನಿಸಲೇಬೇಕು. ಭರವಸೆ ಉಳಿಸಿಕೊಳ್ಳುವ ಗುಣ ನಾಯಕನಲ್ಲಿದೆಯೇ ಎಂಬುದೂ ನೀತಿಯ ಪ್ರಶ್ನೆಯೇ. ಆದರೆ ನಾಯಕನನ್ನು ಹೊಗಳುವುದಕ್ಕೋ ತೆಗಳುವುದಕ್ಕೋ ಪಕ್ಕದಲ್ಲಿ ಕುಳಿತ ಗೆಳೆಯನನ್ನು ಕಳೆದುಕೊಂಡರೆ ನಷ್ಟ ನಮಗೆ ಮಾತ್ರ. ಅವರು ಒಂಬತ್ತು ತಿಂಗಳಲ್ಲಿ ಮತ್ತೆ ಒಂದಾಗುತ್ತಾರೆ. ನಮಗೆ ಒಂದು ವರ್ಷ ಬೇಕಾಯಿತು.

ಮದುವೆಗೆ ಗೆಳೆಯನೂ ಬಂದಿದ್ದ. ಸಂಜೆ ಹಂದರ ಖಾಲಿಯಾದ ಮೇಲೆ ಪಕ್ಕದಲ್ಲಿ ಕುಳಿತೆ. ಬಸ್ ನಿಲ್ದಾಣದ ಮಾತಿಗೆ ಕ್ಷಮೆ ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮೂರು ಸಾವಿರದ ಎಷ್ಟು ಕಂತು ಬಂದಾವ?’ ಎಂದ. ಇಬ್ಬರೂ ನಕ್ಕೆವು. ಆ ರಾತ್ರಿ ಮೊಬೈಲ್‌ನಲ್ಲಿ ಎರಡೂ ಪಕ್ಷಗಳ ಲೋಕಸಭಾ ಪ್ರಣಾಳಿಕೆ ತೆರೆದೆವು. ಪದವಿ, ಡಿಪ್ಲೊಮಾ ಮುಗಿಸಿದ 25 ವರ್ಷದೊಳಗಿನವರಿಗೆ ವರ್ಷಕ್ಕೆ ಒಂದು ಲಕ್ಷ ರೂಪಾಯಿಯ ಅಪ್ರೆಂಟಿಸ್‌ಶಿಪ್ ಎಂದು ಕಾಂಗ್ರೆಸ್ ಬರೆದಿತ್ತು. ‘25 ವರ್ಷದೊಳಗೆ, ನಾವಿಬ್ಬರೂ ಹೊರಗೆ’ ಎಂದ. ಮುದ್ರಾ ಸಾಲದ ಮಿತಿ 10 ಲಕ್ಷದಿಂದ 20 ಲಕ್ಷಕ್ಕೆ ಎಂದು ಬಿಜೆಪಿ ಬರೆದಿತ್ತು. ‘ಹಿಂದಿನ ಸಾಲ ತೀರಿಸಿದವರಿಗೆ ಮಾತ್ರ, ಸಾಲ ಮಾಡದ ನಾವು ಇಲ್ಲೂ ಹೊರಗೆ’ ಎಂದೆ. ಒಂದು ನೋಟ್‌ಬುಕ್‌ನಲ್ಲಿ ಬರೆದುಕೊಂಡೆವು. ಮತ ಯಾರಿಗೆ ಎಂಬುದರಲ್ಲಿ ಕೊನೆಯವರೆಗೂ ಒಂದಾಗಲಿಲ್ಲ. ಆಗಬೇಕಾಗಿಯೂ ಇರಲಿಲ್ಲ.

ಪ್ರಚಾರಕ್ಕೆ ಬಂದವರಿಗೆ ಆ ನೋಟ್‌ಬುಕ್ ತೋರಿಸಿ ಕೇಳಿದೆವು. ಒಬ್ಬರು ‘ಕೇಳಿ ಹೇಳ್ತೀನಿ’ ಎಂದು ಹೋದವರು ಮರಳಿ ಬರಲಿಲ್ಲ. ಇನ್ನೊಬ್ಬರು, ‘ಇಂಥಾದ್ದನ್ನ ಈತನಕ ನಮ್ಮನ್ನ ಯಾರೂ ಕೇಳಿರಲಿಲ್ಲ’ ಎಂದರು. ತಪ್ಪು ಅವರದಷ್ಟೇ ಅಲ್ಲ ಎಂದು ಆಗ ಅನ್ನಿಸಿತು.

2021ರಲ್ಲೇ ಅವಧಿ ಮುಗಿದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ ಚುನಾವಣೆ ಯಾವಾಗ ನಡೆದರೂ ಅಭ್ಯರ್ಥಿಗಳು ನಮ್ಮ ಓಣಿಯವರೇ, ಪರಿಚಯದವರೇ ಆಗಿರುತ್ತಾರೆ. ಕೇಳುವುದು ಇನ್ನೂ ಸುಲಭ. ಗೆಳೆಯರೇ, ಯಾವ ಬಾವುಟ ಹಿಡಿದರೂ ಹಿಡಿಯಿರಿ. ಹಿಡಿಯುವ ಮೊದಲು, ಯಾವ ವರ್ಷ ಪಾಸಾದವರಿಗೆ ಎಂದು ಒಮ್ಮೆ ಕೇಳಿಬಿಡಿ.